ಪೊರೆ ಬಿಟ್ಟ ಪ್ಯಾಸೆಂಜರ್

ಕಳೆದ ವಾರ ಮಾಳಿಗೆ ಮೇಲಿನ ನೀರಿನ ಟಾಕಿಯನ್ನು ತೊಳೆಸಿದೆವು. ತಳದಲ್ಲಿ ಕೂತಿದ್ದ ಪಾಚಿಯನ್ನು ಕೆರೆದು ತೆಗೆದವರು ಅದನ್ನು ಅಲ್ಲೇ ಮೂಲೆಯಲ್ಲಿ ಗುಪ್ಪೆ ಹಾಕಿ ಹೋಗಿದ್ದರು. ಮಧ್ಯಾಹ್ನ ಒಣಗಲು ಹಾಕಿದ್ದ ಹಪ್ಪಳ ತೆಗೆಯಲು ಮೇಲೆ ಹೋದೆ. ಬಿಸಿಲಿಗೆ ಕಾದ ಆ ಪಾಚಿಯ ವಾಸನೆ ಮೂಗಿಗೆ ಬಡಿಯಿತು. ನಿಂತ ನೀರು, ಹಸಿ ಕಲ್ಲು, ಒಂದಿಷ್ಟು ಮೀನು... ಎಲ್ಲ ಬೆರೆತ ವಾಸನೆ. ಬೇರೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಹಪ್ಪಳದ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತೆ. ಪಕ್ಕದ ಮನೆಯ ಹಿತ್ತಲಿನಿಂದ ಇದೇ ವಾಸನೆ ವರ್ಷಗಟ್ಟಲೆ ನಮ್ಮ ಅಡುಗೆಮನೆಯ ಕಿಟಕಿಗೆ ಬರುತ್ತಿತ್ತು.

ಆ ಮನೆ ಕಂಡಕ್ಟರ್ ಕಾಕಾ ಅವರದು.

ನಾನು ಮುಂಡರಗಿಯಿಂದ ಮದುವೆಯಾಗಿ ಬೆಟಗೇರಿಯ ಈ ಓಣಿಗೆ ಬಂದಾಗ ಇಲ್ಲಿ ಯಾರ ಪರಿಚಯವೂ ಇರಲಿಲ್ಲ. ಗಂಡ ಗದಗಿನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅತ್ತೆಯದು ಮಾತು ಕಡಿಮೆ. ಎದುರು ಮನೆಗಳಿಂದ ಮಗ್ಗದ ಸದ್ದು ಕೇಳುತ್ತಿತ್ತು, ಮನುಷ್ಯರ ಸದ್ದು ಅಷ್ಟಾಗಿ ಇಲ್ಲ. ಬಲಗಡೆಯ ಗೋಡೆಯಾಚೆ ಮಾತ್ರ ಬೆಳಗಾಗುತ್ತಲೇ ಒಂದು ದೊಡ್ಡ ದನಿ ಶುರುವಾಗುತ್ತಿತ್ತು. ಸರ್ಕಾರಿ ಬಸ್ಸಿನಲ್ಲಿ ಅಷ್ಟು ವರ್ಷ ‘ಮುಂದಕ್ಕ ಸರೀರಿ, ಮುಂದಕ್ಕ ಸರೀರಿ’ ಎಂದು ಕೂಗಿ ಕೂಗಿ ಬೆಳೆದ ದನಿ ಅದು. ಹೆಂಡತಿಗೆ ‘ಚಹಾ ಆತೇನು’ ಎಂದು ಕೇಳಿದರೂ ಇಡೀ ಓಣಿಗೆ ತಿಳಿಯುತ್ತಿತ್ತು.

ಕಾಕಾ ಗದಗಿನಿಂದ ಶಿರಹಟ್ಟಿ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿ ಬರುವ ಬಸ್ಸಿನ ಕಂಡಕ್ಟರ್. ಖಾಕಿ ಅಂಗಿಯನ್ನು ತಾವೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ತಮ್ಮ ಬಸ್ಸು, ತಮ್ಮ ಲೈನು, ತಮ್ಮ ಪ್ಯಾಸೆಂಜರುಗಳು... ಹೇಳಿಕೊಳ್ಳಲು ಅವರಿಗೆ ದಿನವೂ ಏನಾದರೊಂದು ಇರುತ್ತಿತ್ತು. ಬಸುರಿಯನ್ನು ಹೊತ್ತಿಗೆ ಸರಿಯಾಗಿ ದವಾಖಾನೆಗೆ ಮುಟ್ಟಿಸಿದ್ದು, ಪರೀಕ್ಷೆಯ ದಿನ ಓಡೋಡಿ ಬಂದ ಹುಡುಗಿಯರಿಗಾಗಿ ಬಸ್ಸು ನಿಲ್ಲಿಸಿದ್ದು. ಕಾಕಾಗೆ ಹೆಮ್ಮೆ ಸ್ವಲ್ಪ ಜಾಸ್ತಿ ಎಂದು ಓಣಿಯವರು ನಗುತ್ತಿದ್ದರು. ಅವರ ಹೆಂಡತಿ ಕಾಕು ಜಗುಲಿಯ ಮೇಲೆ ಕೂತು ಮಗ್ಗದವರಿಗಾಗಿ ಕಂಡಿಕೆಗೆ ನೂಲು ಸುತ್ತುತ್ತ, ಅದೇ ಕತೆಗಳನ್ನು ಎಷ್ಟನೆಯ ಸಲವೋ ಕೇಳುತ್ತ, ತಲೆ ಆಡಿಸುತ್ತಿದ್ದರು.

ನಾನು ಬಂದ ವರ್ಷವೇ ಆ ಆಮೆ ಬಂತು.

ಒಂದು ಸಂಜೆ ಲಕ್ಷ್ಮೇಶ್ವರದ ಟ್ರಿಪ್ ಮುಗಿದು ಗದಗ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ, ಹಿಂದಿನ ಸೀಟಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಉಳಿದಿತ್ತಂತೆ. ಒಳಗೆ ಬೆರಳು ಮುಳುಗುವಷ್ಟು ನೀರು, ಪ್ಲಾಸ್ಟಿಕ್ಕಿನದೇ ಒಂದು ತೆಂಗಿನ ಗಿಡ, ಅದರ ಬುಡದಲ್ಲಿ ಅಂಗೈಯಲ್ಲಿ ಹಿಡಿಯುವಂಥ ಒಂದು ಹಸಿರು ಆಮೆ. ಕಣ್ಣ ಹಿಂದೆ ಕುಂಕುಮ ತೀಡಿದ ಹಾಗೆ ಕೆಂಪು ಗೆರೆ. ಯಾರೋ ಮರೆತಿದ್ದಾರೆ, ಬಂದೇ ಬರುತ್ತಾರೆ ಎಂದು ಕಾಕಾ ಸ್ಟ್ಯಾಂಡಿನಲ್ಲೇ ಕಾದರು. ಮೈಕಿನಲ್ಲಿ ಕೂಗಿಸಿದರು. ಡಿಪೋದಲ್ಲಿ ಕೊಡಲು ಹೋದರೆ, ಜೀವ ಇರುವ ಸಾಮಾನನ್ನು ನಾವು ಎಲ್ಲಿ ಇಟ್ಟುಕೊಳ್ಳೋಣ ಎಂದರು. ಮಾಲೀಕರು ಬಂದರೆ ತಮ್ಮ ಮನೆಗೆ ಕಳಿಸಿ ಎಂದು ಹೇಳಿ ಡಬ್ಬಿಯನ್ನು ಮನೆಗೆ ತಂದರು. ವಾರ ಕಳೆಯಿತು, ತಿಂಗಳು ಕಳೆಯಿತು, ಯಾರೂ ಬರಲಿಲ್ಲ. ಹಿತ್ತಲಲ್ಲಿ ಹಿಂದೊಮ್ಮೆ ದನಗಳಿಗೆ ನೀರಿಡುತ್ತಿದ್ದ ಕಲ್ಲಿನ ದೋಣಿ ಇತ್ತು. ಆಮೆ ಆ ದೋಣಿಗೆ ಬಿತ್ತು. ಹೆಸರನ್ನು ಕಾಕಾ ಬಹಳ ಯೋಚಿಸದೆ ಇಟ್ಟರು: ಪ್ಯಾಸೆಂಜರ್.

ನಮ್ಮ ನಡುವಿನ ಗೋಡೆ ಎದೆಮಟ್ಟದ್ದು. ಬಟ್ಟೆ ಒಣಹಾಕಲು ಹೋದಾಗೆಲ್ಲ ನಾನೂ ಬಗ್ಗಿ ನೋಡುತ್ತಿದ್ದೆ. ಕಾಕಾ ಡ್ಯೂಟಿಗೆ ಹೋಗುವ ಮುಂಚೆ ಅದಕ್ಕೆ ಮಂಡಕ್ಕಿ ಹಾಕುವರು. ಕಾಕು ಮಧ್ಯಾಹ್ನ ಚಪಾತಿ ಚೂರು ಹಾಕುವರು. ಸಂಜೆ ಕಾಕಾ ಬಂದು ಮತ್ತೆ ಮಂಡಕ್ಕಿ. ಅದೂ ಬೇಡವೆನ್ನದೆ ತಿನ್ನುತ್ತಿತ್ತು. ತಾವು ಸಾಕಿದ್ದು ಹೇಗೆ ಮೈ ತುಂಬಿಕೊಂಡಿದೆ ನೋಡು ಎಂದು ಕಾಕಾ ನನ್ನನ್ನು ಕರೆದು ತೋರಿಸುತ್ತಿದ್ದರು.

ಬಂದಾಗಲೇ ಅದರ ಬೆನ್ನಿನ ಮೇಲೆ ಅಲ್ಲಲ್ಲಿ ಬಿಳಿಚಿಕೊಂಡಂತೆ ಇತ್ತು. ಆಮೇಲೆ ಚಿಪ್ಪಿನ ಹಲಗೆಗಳ ಅಂಚು ಮೇಲೆದ್ದು, ಹಳೆಯ ಗೋಡೆಯ ಸುಣ್ಣ ಏಳುವ ಹಾಗೆ ಕಾಣತೊಡಗಿತು. ಕುತ್ತಿಗೆ, ಕಾಲುಗಳಿಂದ ಚರ್ಮದ ತೆಳು ಎಳೆಗಳು ನೀರಿನಲ್ಲಿ ತೇಲಾಡುತ್ತಿದ್ದವು. ಕಾಕಾಗೆ ಇದು ಸರಿಬರಲಿಲ್ಲ. ಇಸ್ತ್ರಿ ಕೆಟ್ಟ ಅಂಗಿಯನ್ನು ನೋಡಿದಂತೆ ಅದನ್ನು ನೋಡುತ್ತಿದ್ದರು. ಒಂದು ರವಿವಾರ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಎದ್ದ ಅಂಚುಗಳನ್ನು ಉಗುರಿನಿಂದ ಎಬ್ಬಿಸಿ ತೆಗೆಯಲು ಕೂತರು. ಒಂದೆರಡು ಸಲೀಸಾಗಿ ಬಂದವು. ನಡುಬೆನ್ನಿನದು ಬರಲಿಲ್ಲ. ಕಾಕಾ ಬಿಡಲಿಲ್ಲ. ಎಳೆದರು. ಅದು ಹರಿದು ಬಂದಾಗ ಕೆಳಗೆ ರಕ್ತ ಜಿನುಗಿತು.

ಆಮೆ ಕೂಗುವುದಿಲ್ಲ. ತಲೆಯನ್ನೂ ಕಾಲುಗಳನ್ನೂ ಒಳಗೆ ಎಳೆದುಕೊಂಡು ಕಲ್ಲಿನ ಹಾಗೆ ಕೂತುಬಿಟ್ಟಿತು. ಕಾಕಾ ಅರಿಸಿನ ಹಚ್ಚಿ ನೀರಿಗೆ ಬಿಟ್ಟರು. ಅಂದು ಗೋಡೆಯಾಚೆಯಿಂದ ದನಿ ಬರಲಿಲ್ಲ.

ಕೆಲವು ದಿನಗಳಲ್ಲಿ ಗಾಯದ ಜಾಗ ಮೆತ್ತಗಾಗಿ ಕೆಟ್ಟ ವಾಸನೆ ಹೊಡೆಯತೊಡಗಿತು. ಆಮೆ ತಿನ್ನುವುದನ್ನು ಬಿಟ್ಟಿತು. ಒಂದು ಬೆಳಿಗ್ಗೆ ಕಾಕಾ ಗೋಡೆಯ ಬಳಿ ಬಂದು, ನೀನು ಪಿಯುಸಿಯಲ್ಲಿ ಸಾಯನ್ಸ್ ಓದಿದವಳು, ಜೊತೆಗೆ ಬಾ ಎಂದು ನನ್ನನ್ನು ಕರೆದರು. ಸಾಯನ್ಸಿನಲ್ಲಿ ನನಗೆ ಕಪ್ಪೆ ಗೊತ್ತಿತ್ತು, ಆಮೆ ಗೊತ್ತಿರಲಿಲ್ಲ. ಆದರೂ ಅತ್ತೆಯನ್ನು ಕೇಳಿ ಹೊರಟೆ. ಆಟೋದಲ್ಲಿ ಬಕೆಟ್ ನನ್ನ ಕಾಲ ಬಳಿ ಇತ್ತು. ದಾರಿಯುದ್ದಕ್ಕೂ ಕಾಕಾ ಅದರ ಬಾಯಿಯ ಮೇಲೆ ಕೈ ಅಡ್ಡ ಹಿಡಿದು ನೆರಳು ಮಾಡಿಕೊಂಡಿದ್ದರು.

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಎಮ್ಮೆ, ಆಡು, ಹೋರಿಗರು ಹಿಡಿದುಕೊಂಡು ಜನ ನಿಂತಿದ್ದರು. ನಮ್ಮ ಬಕೆಟ್ಟಿನಲ್ಲಿ ಬಗ್ಗಿ ನೋಡಿದವರೆಲ್ಲ ನಕ್ಕರು. ಇದು ಎಷ್ಟು ಹಾಲು ಕೊಡುತ್ತದೆ ಎಂದು ಒಬ್ಬರು ಕೇಳಿದರು. ಕಾಕಾ ಖಾಕಿಯಲ್ಲೇ ಬಂದಿದ್ದರು, ಬೆನ್ನು ನೆಟ್ಟಗೆ ಮಾಡಿಕೊಂಡು ಸಾಲಿನಲ್ಲಿ ನಿಂತಿದ್ದರು.

ಡಾಕ್ಟರು ಹರೆಯದ ಹೆಣ್ಣುಮಗಳು. ಆಮೆಯನ್ನು ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, ನೇರವಾಗಿ ಹೇಳಿದರು: “ನಾ ನೋಡಿದ್ದೆಲ್ಲಾ ಆಕಳಾ, ಎಮ್ಮಿ, ಕುರಿ. ಆಮಿ ನೋಡಿಲ್ರಿ. ನಮ್ಮ ಸರ್‌ಗೆ ಕೇಳಿ ಹೇಳ್ತೀನಿ, ಕುಂಡ್ರಿ.” ತಾವು ಕಲಿತ ಕಾಲೇಜಿನ ಗುರುಗಳಿಗೆ ಫೋನು ಹಚ್ಚಿದರು, ಫೋಟೋ ತೆಗೆದು ಕಳಿಸಿದರು. ಆ ಕಡೆಯಿಂದ ಕೇಳಿದ ಪ್ರಶ್ನೆಗಳನ್ನು ನಮಗೆ ಕೇಳುತ್ತ ಹೋದರು. ಏನು ತಿನ್ನಿಸುತ್ತೀರಿ, ಬಿಸಿಲು ಬೀಳುತ್ತದೆಯೇ, ನೀರಿನಿಂದ ಮೇಲೆ ಬಂದು ಕೂರಲು ಜಾಗ ಇದೆಯೇ. ಕೊನೆಗೆ ಗಾಯದ ಅಂಚನ್ನು ತೋರಿಸಿ, ಇದು ತಾನಾಗಿ ಬಿದ್ದದ್ದಲ್ಲ, ಯಾರು ಕಿತ್ತರು ಎಂದು ಕೇಳಿದರು.

ಅಷ್ಟು ಜನರ ಎದುರು ಕಾಕಾ ಏನು ಬೇಕಾದರೂ ಹೇಳಬಹುದಿತ್ತು. ಕಾಗೆ ಕುಕ್ಕಿತು ಅನ್ನಬಹುದಿತ್ತು. ನಾನೂ ಸುಮ್ಮನಿರುತ್ತಿದ್ದೆ.

“ನಾನ ಕಿತ್ತೀನ್ರಿ,” ಎಂದರು ಕಾಕಾ. ಅದೇ ಬಸ್ಸಿನ ದನಿ, ಬಾಗಿಲ ಹೊರಗೆ ನಿಂತವರಿಗೂ ಕೇಳುವಂತೆ. “ತಪ್ಪು ನಂದು. ಅದೇನೂ ಮಾಡಿಲ್ಲ. ಉಳಿಸಿಕೊಡ್ರಿ.”

ನಗುತ್ತಿದ್ದವರು ನಗುವುದನ್ನು ನಿಲ್ಲಿಸಿದರು.

ಡಾಕ್ಟರು ತಿಳಿಸಿ ಹೇಳಿದರು. ಆಮೆ ಬೆಳೆದಂತೆ ಚಿಪ್ಪು ಬೆಳೆಯಬೇಕು. ಬೆನ್ನಿನ ಮೇಲೆ ಕಾಣುವ ಒಂದೊಂದು ಹಲಗೆಯೂ ನಮ್ಮ ಉಗುರಿನಂಥ ಪದರ, ಅದರ ಕೆಳಗೆ ಜೀವಂತ ಎಲುಬು. ಹೊಸ ಪದರ ಕೆಳಗೆ ತಯಾರಾದ ಮೇಲೆ ಹಳೆಯದು ತೆಳ್ಳಗೆ, ಪಾರದರ್ಶಕವಾಗಿ ತಾನೇ ಕಳಚುತ್ತದೆ. ಕಾಲು, ಕುತ್ತಿಗೆಯ ಚರ್ಮವೂ ಹಾಗೆಯೇ ಪೊರೆ ಬಿಡುತ್ತದೆ. ಅದು ರೋಗವಲ್ಲ, ಬೆಳವಣಿಗೆ. ಕೀಳಬಾರದು, ಉಜ್ಜಬಾರದು. ಮೆತ್ತಗಾದರೆ, ವಾಸನೆ ಬಂದರೆ, ರಕ್ತ ಬಂದರೆ ಮಾತ್ರ ರೋಗ. ಅತಿಯಾಗಿ ತಿನ್ನಿಸಿದರೂ ಪದರ ಮೇಲಿಂದ ಮೇಲೆ ಏಳುತ್ತದೆ. ಒಣಗಲು ಜಾಗವಿಲ್ಲದೆ ಸದಾ ನೀರಿನಲ್ಲೇ ಇದ್ದರೆ ಹಳೆಯ ಪದರ ಬಿಡದೆ ಅಂಟಿಕೊಳ್ಳುತ್ತದೆ. ಇದಕ್ಕೆ ಮಂಡಕ್ಕಿ ಅಲ್ಲ, ಸೊಪ್ಪು, ಎರೆಹುಳು, ಅಂಗಡಿಯಲ್ಲಿ ಸಿಗುವ ಆಮೆಯ ಕಾಳು ಬೇಕು. ಈಗ ದಿನದ ಹೆಚ್ಚು ಹೊತ್ತು ಒಣ ಜಾಗದಲ್ಲಿಡಿ, ಗಾಯವನ್ನು ಔಷಧದಿಂದ ತೊಳೆದು ಮುಲಾಮು ಹಚ್ಚಿ, ಕುಡಿಯಲು ತಿನ್ನಲು ಸ್ವಲ್ಪ ಹೊತ್ತು ಶುದ್ಧ ನೀರಿಗೆ ಬಿಡಿ, ಬೆಳಗಿನ ಬಿಸಿಲು ತಪ್ಪಿಸಬೇಡಿ, ನೆರಳೂ ಪಕ್ಕದಲ್ಲೇ ಇರಲಿ. ಉಳಿಯುತ್ತದೆಯೇ ಎಂದು ಕಾಕಾ ಕೇಳಿದಾಗ ಡಾಕ್ಟರು, ಹೇಳಲು ಬರುವುದಿಲ್ಲ, ನೋಡೋಣ ಎಂದರು.

ಮನೆಗೆ ಬಂದ ಮೇಲೆ ಕಾಕಾ ಮಾಡಿದ ಮೊದಲ ಕೆಲಸ ರಜೆ ಹಾಕಿದ್ದು. ಜ್ವರ ಬಂದರೂ ಡ್ಯೂಟಿ ಬಿಡದ ಮನುಷ್ಯ ಆಮೆಗಾಗಿ ರಜೆ ಹಾಕಿದರು, ಕಾರಣ ಕೇಳಿದವರಿಗೆ ಇದ್ದದ್ದನ್ನೇ ಹೇಳಿದರು. ಡಿಪೋದಲ್ಲಿ ಬಹಳ ದಿನ ಅದೇ ನಗೆಮಾತಾಯಿತು. ಕಾಕು ಮಾಂಸ ಮೀನು ಮನೆಗೆ ತರದವರು, ಎರೆಹುಳುವಿನ ಡಬ್ಬಿಯನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಡಲಿಲ್ಲ. ಅದಕ್ಕೆ ಅದರ ಜಾಗ ಹೊರಗೆ ತುಳಸಿಯಿಂದ ದೂರ, ಬಾಳೆಗಿಡದ ಬುಡದಲ್ಲಿ ಆಯಿತು.

ಅದು ಬೇಸಿಗೆ. ಗದಗ-ಬೆಟಗೇರಿಯಲ್ಲಿ ಬೇಸಿಗೆಯ ನೀರು ಎಂದರೇನು ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಳ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಟ್ಯಾಂಕರ್ ಬಂದರೆ ಓಣಿಯೆಲ್ಲ ಕೊಡ ಹಿಡಿದು ಓಡುತ್ತದೆ. ಅಂಥದರಲ್ಲಿ ಒಂದು ಆಮೆಗೆ ದಿನವೂ ಹೊಸ ನೀರು. ಟ್ಯಾಂಕರಿನ ಮುಂದೆ ಹೆಂಗಸರು ಗೊಣಗಿದರು. ಅವರಲ್ಲಿ ನನ್ನ ಅತ್ತೆಯೂ ಇದ್ದರು. ಮನುಷ್ಯರು ಮುಖ ತೊಳೆಯಲು ಯೋಚಿಸುವಾಗ ಇದೇನು ಚೈನಿ ಎಂದರು. ಮಾತು ಕಾಕಾನ ಕಿವಿಗೆ ಬಿತ್ತು.

ಮರುದಿನದಿಂದ ಅವರು ಟ್ಯಾಂಕರಿನ ಸಾಲಿಗೆ ಬರಲಿಲ್ಲ. ರಜೆ ಮುಗಿದ ಮೇಲೆ ಕೇಳಿಕೊಂಡು ಮುಂಡರಗಿ ಲೈನಿನ ಡ್ಯೂಟಿ ಹಾಕಿಸಿಕೊಂಡರು. ಮುಂಡರಗಿಯಲ್ಲಿ ಸ್ಟ್ಯಾಂಡಿಗೆ ಹತ್ತಿರವೇ ನನ್ನ ತವರುಮನೆ, ಅಲ್ಲಿ ಬತ್ತದ ಬೋರ್. ಬಸ್ಸು ನಿಲ್ಲುವ ಹೊತ್ತಿನಲ್ಲಿ ಕಾಕಾ ಹೋಗಿ ಕ್ಯಾನ್ ತುಂಬಿಸಿಕೊಂಡು ಬರುತ್ತಿದ್ದರು. ಬಸ್ಸಿಗೆ ಏರಿಸಿದ ಮೇಲೆ ತಮ್ಮ ಕ್ಯಾನಿಗೆ ತಾವೇ ಲಗೇಜ್ ಟಿಕೆಟ್ ಹರಿದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕ್ಯಾನಿನ ಜೊತೆಗೆ ನನ್ನ ಅವ್ವ ನನಗೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದಳು. ಆ ಬೇಸಿಗೆಯಲ್ಲಿ ಆಮೆಗೆ ನನ್ನ ತವರಿನ ನೀರು, ನನಗೆ ನನ್ನ ತವರಿನ ರೊಟ್ಟಿ... ಎರಡೂ ಒಂದೇ ಕೈಯಿಂದ ಬರುತ್ತಿದ್ದವು. ಆಮೆ ಬಿಟ್ಟ ನೀರು ವ್ಯರ್ಥವಾಗುತ್ತಿರಲಿಲ್ಲ, ಬಾಳೆಗೆ ಹೋಗುತ್ತಿತ್ತು. ಇದನ್ನೆಲ್ಲ ಗೋಡೆಯಾಚೆಯಿಂದ ಸುಮ್ಮನೆ ನೋಡುತ್ತಿದ್ದ ಅತ್ತೆ ಒಂದು ಮುಂಜಾನೆ, ಮೂಲೆಗೆ ಬಿದ್ದಿದ್ದ ಹಳೆಯ ಅರೆಯುವ ಕಲ್ಲನ್ನು ನನ್ನಿಂದ ಎತ್ತಿಸಿ ಆಚೆ ಕೊಡಿಸಿದರು. ಆಮೆ ಬಿಸಿಲು ಕಾಯಲು ಹತ್ತಿ ಕೂರಲಿ ಎಂದರು.

ಓಣಿಯ ಹಿರಿಯರೊಬ್ಬರು ಬಂದದ್ದು ಆ ದಿನಗಳಲ್ಲೇ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ಆಮೆ ದೇವರ ಅವತಾರ, ಅದು ಮನೆಯಲ್ಲಿ ನರಳಿ ಸತ್ತರೆ ಒಳ್ಳೆಯದಲ್ಲ, ಕೆರೆಗೆ ಬಿಟ್ಟರೆ ಪುಣ್ಯ, ನಿನಗೂ ಬಿಡುಗಡೆ ಎಂದು ತಿಳಿಹೇಳಿದರು. ಕಾಕಾ ಅವರನ್ನು ಕೂರಿಸಿ ಚಹಾ ಕೊಟ್ಟರು. ಆಮೇಲೆ ಹೇಳಿದರು:

“ಇದು ನಮ್ಮ ದೇಶದ ಆಮಿ ಅಲ್ಲರಿ, ಡಾಕ್ಟರ್ ಹೇಳ್ಯಾರ. ಕೆರಿಗಿ ಬಿಟ್ರ ಅಲ್ಲಿದ್ದ ಮೀನಾ, ನಮ್ಮ ಆಮಿ ಎಲ್ಲಾದರ ಕೂಳು ಕಸಗೊಳ್ತೈತಿ. ಅವೇನು ಪಾಪಾ ಮಾಡ್ಯಾವ? ಮತ್ತ ನನ್ನ ಗಾಡಿ ಹತ್ತಿದವರನ್ನ ನಡುದಾರ್ಯಾಗ ನಾ ಯಾವತ್ತೂ ಇಳಿಸಿಲ್ಲ.”

ಹಿರಿಯರು ಚಹಾ ಮುಗಿಸಿ ಎದ್ದರು. ಹೋಗುವಾಗ ದೋಣಿಯ ಬಳಿ ನಿಂತು ಆಮೆಯನ್ನು ನೋಡಿ ಕೈಮುಗಿದು ಹೋದರು.

ಮಳೆ ಹಿಡಿಯುವ ಹೊತ್ತಿಗೆ ಗಾಯ ಒಣಗಿತು. ವಾಸನೆ ಹೋಯಿತು. ಆಮೆ ಕಲ್ಲು ಹತ್ತಿ, ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ, ಕುತ್ತಿಗೆ ಉದ್ದ ಮಾಡಿ ಬಿಸಿಲಿಗೆ ಕೂರಲು ಕಲಿಯಿತು. ಬೆನ್ನಿನ ಅಂಚುಗಳು ಮತ್ತೆ ಎದ್ದವು. ಈ ಸಲ ಕಾಕಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ನೋಡುವುದು, ಕೈ ಕಟ್ಟಿಕೊಳ್ಳುವುದು, ಒಳಗೆ ಹೋಗುವುದು, ಮತ್ತೆ ಬಂದು ನೋಡುವುದು... ಆ ಕೈಗಳಿಗೆ ಅದು ಎಷ್ಟು ಕಷ್ಟದ ಕೆಲಸವಾಗಿತ್ತು ಎಂಬುದು ನನಗೆ ಕಾಣುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಕರೆ ಬಂತು. ಎಂದಿನ ಕೂಗಲ್ಲ, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡಿದ ಹಾಗೆ.

“ಯವ್ವಾ, ಜಲ್ದಿ ಬಾ. ಬಿಟ್ಟೈತಿ. ತಾನ ಬಿಟ್ಟೈತಿ.”

ದೋಣಿಯ ನೀರಿನ ಮೇಲೆ ಒಂದು ತೆಳ್ಳನೆಯ ಬಿಲ್ಲೆ ತೇಲುತ್ತಿತ್ತು. ಕಾಕಾ ಅದನ್ನು ಅಂಗೈಗೆ ಎತ್ತಿಕೊಂಡು ಬಿಸಿಲಿಗೆ ಹಿಡಿದರು. ಅದರೊಳಗಿಂದ ಅವರ ಕೈಗೆರೆಗಳು ಕಾಣುತ್ತಿದ್ದವು. ಕಂದುಬಣ್ಣ, ಅದರಲ್ಲಿ ಒಂದರೊಳಗೊಂದು ಹೊಂದಿಕೊಂಡ ಗೆರೆಗಳು, ಅಂಚು ಒಂದಿಷ್ಟೂ ಹರಿದಿರಲಿಲ್ಲ. ಅದು ಕಳಚಿದ ಜಾಗದಲ್ಲಿ ಹೊಸ ಚಿಪ್ಪು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು, ಹಸಿರು ಹಳದಿ ಪಟ್ಟೆಗಳು ಅಂದೇ ಬರೆದ ಹಾಗಿದ್ದವು. ನಡುಬೆನ್ನಿನ ಹಲಗೆಯಲ್ಲಿ ಮಾತ್ರ ಒಂದು ಬಿಳಿ ಕುಳಿ ಉಳಿದಿತ್ತು. ಅದು ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಾಕಾನ ಕಣ್ಣುಗಳು ತುಂಬಿದ್ದವು. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಅಳುತ್ತಲೂ ಇದ್ದರು. ನನ್ನ ಅತ್ತೆ ಗೋಡೆಯ ಈಚೆಯಿಂದ, ಬೆಳ್ಳಿ ಸಾಮಾನು ತೊಳೆದಂತೆ ಆಗಿದೆಯಲ್ಲ ಎಂದರು.

ಕಾಕಾ ಆ ಬಿಲ್ಲೆಯನ್ನು ಒಣಗಿಸಿ, ಕಾಗದದಲ್ಲಿ ಮಡಿಸಿ, ಖಾಕಿ ಜೇಬಿಗೆ ಹಾಕಿಕೊಂಡು ಡ್ಯೂಟಿಗೆ ಹೋದರು. ಅಂದಿನಿಂದ ಅವರ ಬಸ್ಸು ಹತ್ತಿದವರಿಗೆಲ್ಲ ಆಮೆಯ ಪಾಠ ತಪ್ಪಲಿಲ್ಲ. ತಾವು ಕಿತ್ತದ್ದನ್ನೂ ಹೇಳುತ್ತಿದ್ದರು, ಬಿಟ್ಟದ್ದನ್ನೂ ಹೇಳುತ್ತಿದ್ದರು. ಊರಲ್ಲಿ ಆಮೆ ಸಾಕಿದವರು, ಚಿಪ್ಪು ಎದ್ದಿದೆ ಎಂದು ಹೆದರಿದವರು ಹುಡುಕಿಕೊಂಡು ಬರತೊಡಗಿದರು. ಕಾಕಾ ಮೊದಲು ಮೂಸಿ ನೋಡುವರು, ಆಮೇಲೆ ಮೆಲ್ಲಗೆ ಬೆರಳಿನಿಂದ ಮುಟ್ಟಿ ಗಟ್ಟಿ ಇದೆಯೇ ನೋಡುವರು. ಚೆನ್ನಾಗಿದ್ದರೆ ‘ಕಿತ್ತೀರಿ ಮತ್ತ!’ ಎಂದು ಗದರಿಸಿ ಕಳಿಸುವರು. ಮೆತ್ತಗಿದ್ದರೆ ಆ ಡಾಕ್ಟರ ಬಳಿ ಕಳಿಸುವರು. ಡಾಕ್ಟರೂ ಅಷ್ಟರಲ್ಲಿ ಆಮೆಗಳನ್ನು ನೋಡುವುದರಲ್ಲಿ ಪಳಗಿದ್ದರು.

ವರ್ಷಗಳು ಕಳೆದವು. ನನಗೆ ಮಕ್ಕಳಾದರು. ಪ್ಯಾಸೆಂಜರ್ ಊಟದ ತಾಟಿನಷ್ಟು ಅಗಲವಾಯಿತು. ಕಾಕಾ ಮತ್ತೆ ಲಕ್ಷ್ಮೇಶ್ವರದ ಲೈನಿಗೆ ಬಂದಿದ್ದರು.

ಒಂದು ದಿನ ಅವರು ಡ್ಯೂಟಿಯಿಂದ ಬಂದವರು ಊಟ ಮಾಡಲಿಲ್ಲ ಎಂದು ಕಾಕು ನನ್ನನ್ನು ಕರೆದರು. ಕಾಕಾ ದೋಣಿಯ ಪಕ್ಕ ಕೂತಿದ್ದರು. ಆಗಿದ್ದು ಇಷ್ಟು. ಬಸ್ಸಿನಲ್ಲಿ ಎಂದಿನಂತೆ ಆಮೆಯ ಕತೆ ಹೇಳುತ್ತಿದ್ದಾಗ, ಲಕ್ಷ್ಮೇಶ್ವರದಲ್ಲಿ ಬಳೆ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಮುಖ ತಗ್ಗಿಸಿ ಕೂತಿದ್ದರಂತೆ. ಗದಗಿನಲ್ಲಿ ಎಲ್ಲರೂ ಇಳಿದ ಮೇಲೆ ಹತ್ತಿರ ಬಂದು, ಆ ಡಬ್ಬಿಯನ್ನು ಬಿಟ್ಟುಹೋದವನು ನಾನೇ ಎಂದರು. ಮರೆತು ಹೋದದ್ದಲ್ಲ. ಮಗಳಿಗೆಂದು ಹುಬ್ಬಳ್ಳಿಯಿಂದ ತಂದ ಆಮೆ, ಅದರ ಚಿಪ್ಪು ಏಳತೊಡಗಿತು. ಇದು ಕೆಟ್ಟ ರೋಗ, ಮಗುವಿಗೆ ಅಂಟುತ್ತದೆ ಎಂದು ಯಾರೋ ಹೇಳಿದರು. ಕೊಲ್ಲಲು ಕೈ ಬರಲಿಲ್ಲ. ಬಸ್ಸಿನಲ್ಲಿ ಬಿಟ್ಟರೆ ಯಾರಾದರೂ ಒಯ್ದಾರು ಎಂದು ಸೀಟಿನ ಮೇಲಿಟ್ಟು ಇಳಿದುಬಿಟ್ಟರು. ಮಗಳಿಗೆ ಕಳೆದುಹೋಯಿತು ಎಂದರು. ಅವಳು ತಿಂಗಳುಗಟ್ಟಲೆ ಹುಡುಕಿದಳಂತೆ...

ಬರುವ ರವಿವಾರ ಮಗಳನ್ನು ಕರೆದುಕೊಂಡು ಬನ್ನಿ ಎಂದು ಕಾಕಾ ಅವರಿಗೆ ಹೇಳಿ ಬಂದಿದ್ದರು.

ಕೊಡಬೇಡಿ ಎಂದರು ಕಾಕು. ಬಿಟ್ಟು ಹೋದವರಿಗೆ ಏನು ಹಕ್ಕಿದೆ ಎಂದರು. ನನಗೂ ಹಾಗೆಯೇ ಅನ್ನಿಸಿತು. “ಆ ಹುಡುಗಿ ಬಿಟ್ಟಿಲ್ಲಲ್ಲ,” ಎಂದರು ಕಾಕಾ. ಶನಿವಾರ ದೊಡ್ಡ ಬುಟ್ಟಿಯೊಂದನ್ನು ತೊಳೆದು ಬಿಸಿಲಿಗಿಟ್ಟರು. ತಳಕ್ಕೆ ಒದ್ದೆ ಬಟ್ಟೆ ಹಾಸಲು ತಮ್ಮ ಹಳೆಯ ಖಾಕಿ ಅಂಗಿಯನ್ನು ಹರಿದರು.

ರವಿವಾರ ಅಪ್ಪ ಮಗಳು ಬಂದರು. ಹುಡುಗಿ ಆಗ ಗದಗಿನಲ್ಲೇ ಡಿಗ್ರಿ ಓದುತ್ತಿದ್ದಳು. ಒಂದು ಆಮೆ ನೋಡಲು ಹೋಗುತ್ತಿದ್ದೇವೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಸಾಹೇಬರು ಕಾಕಾನ ಮುಖವನ್ನೇ ನೋಡುತ್ತಿದ್ದರು. ನೀವೇ ಹೇಳಿಬಿಡಿ ಎಂದು ಬೇಡುವಂಥ ನೋಟ ಅದು. ಕಾಕಾ ಹೇಳಲಿಲ್ಲ, ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು. ದೋಣಿಯ ಬಳಿ ಕೂತು ಆ ತಂದೆ ಮಗಳಿಗೆ ಎಲ್ಲವನ್ನೂ ಹೇಳಿದರು.

ಹುಡುಗಿ ಅಪ್ಪನ ಕಡೆ ನೋಡಲಿಲ್ಲ. ಅವಳ ಮುಖ ಬಿಗಿದುಕೊಂಡದ್ದನ್ನು ಕಂಡು ಕಾಕಾ ಮುಂದೆ ಬಂದರು.

“ನೋಡವ್ವಾ, ನಿಮ್ಮಪ್ಪ ಹೆದರಿ ಬಿಟ್ಟು ಹ್ವಾದ್ರು. ನಾ ಶಾಣ್ಯಾ ಆಗಾಕ ಹೋಗಿ ಹರದೆ. ಈ ಕುಳಿ ಮಾಡಿದಾವ ನಾನು. ಅದು ಬೆಳ್ಯಾಕತ್ತಿತ್ತು ಅನ್ನೂದು ಇಬ್ಬರಿಗೂ ಗೊತ್ತಿರಲಿಲ್ಲ.”

ಹುಡುಗಿ ಕೈ ಚಾಚಿ ಆ ಬಿಳಿ ಕುಳಿಯ ಮೇಲೆ ಬೆರಳಿಟ್ಟಳು. ಪ್ಯಾಸೆಂಜರ್ ತಲೆ ಎಳೆದುಕೊಳ್ಳಲಿಲ್ಲ. ಅವಳು ಅಪ್ಪನ ತೋಳು ಹಿಡಿದು ಎದ್ದಳು. ಸಿದ್ಧವಾಗಿದ್ದ ಬುಟ್ಟಿಯನ್ನೂ, ಅದರಲ್ಲಿ ಹಾಸಿದ್ದ ಖಾಕಿ ಬಟ್ಟೆಯನ್ನೂ ನೋಡಿದಳು. ಕಾಕುವಿನ ಮುಖ ನೋಡಿದಳು.

“ಇಲ್ಲೇ ಇರ್ಲಿ ಕಾಕಾ. ನಾ ಬಂದು ನೋಡಿಕೊಂಡು ಹೋಗ್ತೀನಿ,” ಎಂದಳು.

ಕಾಕಾ ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದರು. ಹೊರಬರಲು ಬಹಳ ಹೊತ್ತು ಹಿಡಿಯಿತು. ಬಂದವರೇ ಸಾಹೇಬರ ಪಕ್ಕ ಕೂತು, ಎಂದಿನ ದನಿಯಲ್ಲಿ, ಈ ಆಮೆ ಮುಂಡರಗಿಯ ನೀರು ಕುಡಿದ ಕತೆಯನ್ನು ಶುರುಮಾಡಿದರು.

ಅದಾದ ಮೇಲೆ ಶನಿವಾರ ಶನಿವಾರ ಕಾಲೇಜು ಬಿಟ್ಟು ಆ ಹುಡುಗಿ ಬರುತ್ತಿದ್ದಳು. ಕಾಕಾ ನಿವೃತ್ತರಾದ ಮೇಲಂತೂ ಇಬ್ಬರೂ ಸೇರಿ ದೋಣಿ ತೊಳೆಯುವುದೇ ಒಂದು ಸಂಭ್ರಮ. ಬಳೆ ಸಾಹೇಬರು ನಮ್ಮ ಓಣಿಯ ಮದುವೆಗಳಿಗೆಲ್ಲ ತಾವಾಗಿ ಬಂದು ಬಳೆ ತೊಡಿಸತೊಡಗಿದರು. ನನ್ನ ಮಗಳ ಕೈಗೆ ಮೊದಲ ಗಾಜಿನ ಬಳೆ ಇಟ್ಟವರೂ ಅವರೇ.

ಕಾಕಾ ಹೋದದ್ದು ಒಂದು ಚಳಿಗಾಲದ ಬೆಳಿಗ್ಗೆ. ಎದೆ ಹಿಡಿದುಕೊಂಡಿತು ಎಂದರು, ದವಾಖಾನೆ ಮುಟ್ಟುವುದರೊಳಗೆ... ಅವರ ಬಸ್ಸಿನಲ್ಲಿ ಓಡಾಡಿದವರು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಿಂದ ಬಂದಿದ್ದರು. ಓಣಿಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ಆ ಡಾಕ್ಟರೂ ಬಂದು ಒಂದು ಮೂಲೆಯಲ್ಲಿ ನಿಂತಿದ್ದರು. ದಿನಕರ್ಮಗಳು ಮುಗಿದ ಮೇಲೆ ಕಾಕು ತಾವೇ ಹುಡುಗಿಗೆ ಫೋನು ಮಾಡಿಸಿದರು. ನನ್ನ ಕೈಯಲ್ಲಿ ಅದನ್ನು ಎತ್ತಲು ಶಕ್ತಿ ಇಲ್ಲ, ಅದಕ್ಕೆ ಇನ್ನೂ ಬಹಳ ಆಯುಷ್ಯ ಇದೆ, ನೀನು ಒಯ್ಯಿ ಎಂದರು. ಅವಳು ಅಪ್ಪನ ಜೊತೆ ಬಂದು ಪ್ಯಾಸೆಂಜರನ್ನು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋದಳು. ಕಾಕು ದೋಣಿಯ ನೀರನ್ನು ಬಾಳೆಗೆ ಹೊಯ್ದು ಅದನ್ನು ಬೋರಲು ಹಾಕಿದರು.

ಕಳೆದ ವಾರ ಆ ಮಾಳಿಗೆಯಿಂದ ಇಳಿದವಳೇ ಹುಡುಗಿಗೆ ಫೋನು ಮಾಡಿದೆ. ಹುಡುಗಿ ಎನ್ನುತ್ತೇನೆ, ಅವಳೀಗ ಶಿರಹಟ್ಟಿಯ ಶಾಲೆಯೊಂದರಲ್ಲಿ ಟೀಚರ್. ಆಮೆ ಚೆನ್ನಾಗಿದೆ, ಈ ವಾರವೇ ಪೊರೆ ಬಿಟ್ಟಿದೆ ಎಂದಳು. ನಡುಬೆನ್ನಿನ ಹಲಗೆಯೂ ಈ ಸಲ ಇಡಿಯಾಗಿ, ಒಂದಿಷ್ಟೂ ಹರಿಯದೆ ಕಳಚಿತಂತೆ. ಆ ಬಿಲ್ಲೆಯನ್ನು ಮಕ್ಕಳಿಗೆ ತೋರಿಸಲು ಶಾಲೆಗೆ ಒಯ್ದಿದ್ದಾಳಂತೆ.

ನಾನು ಹೋಗಿ ಕಾಕುಗೆ ಹೇಳಿದೆ. ಅವರು ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಕೇಳಿದರು. ನೂಲಿನ ತುದಿ ಬೆರಳಲ್ಲೇ ಉಳಿಯಿತು.

“ಕೇಳಾಕ ಅವರಿರಬೇಕಿತ್ತು,” ಎಂದರು. “ಇಡೀ ಗದಗಿಗೆ ಹೇಳ್ತಿದ್ರು.”

ಸಂಜೆ ಗಂಡನಿಗೆ ಹೇಳಿದೆ. ಮಕ್ಕಳಿಗೆ ಹೇಳಿದೆ. ಮರುದಿನ ಓಣಿಗೆ ಕಾಯಿಪಲ್ಲೆ ಮಾರಲು ಬಂದ ಹೆಂಗಸಿಗೂ, ಅವಳು ಕೇಳದಿದ್ದರೂ, ನಿಲ್ಲಿಸಿ ಹೇಳಿದೆ.